ಬಚ್ಚಲೊಲೆಯ ಗೂಡಿನಲ್ಲಿಟ್ಟ ಬೀಜ

ರಾಜೀವಿಗೆ ಬದನೆ ಬೀಜದ ಮೇಲಿದ್ದ ಮೋಹ ನೋಡಿದರೆ ಗಂಡನಿಗೇ ಹೊಟ್ಟೆಕಿಚ್ಚಾಗಬೇಕು. ಇರಲಿ, ಕಾರಣವಿತ್ತು. ಸಿದ್ದಾಪುರದ ತವರಿನಲ್ಲಿ ಅಮ್ಮ ಬೆಳೆಸುತ್ತಿದ್ದ ಗುಂಡು ಬದನೆ ಅದು. ಅಮ್ಮ ಹೋದಳು, ತವರಿನ ಹಿತ್ತಲಿಗೆ ರಬ್ಬರ್ ಬಂತು, ತಳಿ ಉಳಿದದ್ದು ಬಾರ್ಕೂರಿನ ಈ ಮನೆಯಲ್ಲಿ ಮಾತ್ರ. ಆ ವರ್ಷವೋ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಹೊರಗೆ ಬಿತ್ತಿದ್ದು ಥಂಡಿಗೆ ಕೊಳೆತು, ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು.

ಬದನೆ ಮೊಳೆಯಬೇಕಾದರೆ ಬೆಚ್ಚಗಿಡಬೇಕು. ಅಡುಗೆಮನೆಗೆ ಗ್ಯಾಸ್ ಬಂದ ಮೇಲೆ ಮನೆಯಲ್ಲಿ ಬೆಂಕಿ ಕಾಣುವುದು ಬಚ್ಚಲೊಲೆಯಲ್ಲಷ್ಟೇ. ಉಳಿದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಹಂಡೆಯ ಪಕ್ಕದ ಗೂಡಿನಲ್ಲಿಟ್ಟಳು. ಇಬ್ಬರ ಸ್ನಾನಕ್ಕೆ ತೆಂಗಿನ ಎರಡು ಒಣ ಮಡಲು ಉರಿಸಿದರೆ ಗೂಡು ಕೋಳಿ ಕಾವಿನಷ್ಟು ಬೆಚ್ಚಗಿರುತ್ತಿತ್ತು. ಯಾರಿಗೂ ಹೇಳಲಿಲ್ಲ. ಮೊಳಕೆಗೆ ಕಟ್ಟಿದ್ದನ್ನು ಬಾಯಿಬಿಟ್ಟರೆ ದೃಷ್ಟಿಯಾಗುತ್ತದೆಂದು ಅಮ್ಮ ಕಲಿಸಿದ್ದಳಲ್ಲ!

ಅಷ್ಟರಲ್ಲಿ ಮಗಳು ಪೂಜಿತಾಳಿಗೆ ಹೆರಿಗೆಯಾಯಿತು. ಆಸ್ಪತ್ರೆಯ ಓಡಾಟದಲ್ಲಿ ಗಂಟು ಮರೆತೇಹೋಯಿತು. ಬಾಳಂತಿ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಮೀಯಿಸಲು ಜಲಜ ಬಂದಳು. ಬಾಳಂತಿ ನೀರೆಂದರೆ ಕುದಿಯಬೇಕು ಎನ್ನುವ ಹೆಂಗಸು ಅವಳು. ಒಲೆತುಂಬ ಕಟ್ಟಿಗೆ ತುರುಕಿ, ಪೂಜಿತಾಳನ್ನು ಕೂರಿಸಿ, ಒಳಗಿನಿಂದ ಚಿಲಕ ಹಾಕಿಕೊಂಡಳು.

ಹೊರಗೆ ರಾಜೀವಿ ಕಾಲು ನೀಡಿ, ಕೂಸನ್ನು ಅದರ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು. ಒಳಗೆ ಕಟ್ಟಿಗೆ ಚಟಪಟ ಸಿಡಿದದ್ದು ಕೇಳಿದಾಗಲೇ ಗಂಟಿನ ನೆನಪಾದದ್ದು.

"ಹ್ವಾಯ್ ಜಲಜಕ್ಕ, ಗೂಡಂಗೆ ಗಂಟ್ ಇತ್ತ್, ತೆಗ್ದಿಡಿ!"

"ಎಂತ? ಕೇಂತಿಲ್ಲೆ!" ಎಂದಳು ಜಲಜ, ಧೋ ಎಂದು ನೀರು ಹೊಯ್ಯುತ್ತ.

ಏಳೋಣವೆಂದರೆ ಎಣ್ಣೆ ಕೂಸು ಮೀನಿನ ಹಾಗೆ ಜಾರುತ್ತದೆ. ಎದ್ದರೂ ಬಾಗಿಲಿಗೆ ಚಿಲಕ. ಗಂಡ ಪೇಟೆಗೆ ಹೋಗಿದ್ದ. ಮತ್ತೆ ಕೂಗಿದಳು, ಕೂಸು ಬೆಚ್ಚಿ ಅತ್ತಿತು, ಆ ಅಳುವಿನಲ್ಲಿ ಅವಳ ಕೂಗು ಮುಳುಗಿತು. ಕೊನೆಗೆ ಕೂಸನ್ನು ಸಮಾಧಾನ ಮಾಡುತ್ತ ಕೂತಳು. ಬೇರೇನು ಮಾಡಿಯಾಳು?

ಬಾಗಿಲು ತೆರೆದಾಗ ಗಂಟು ಒಣಗಿ ಗರಿಗರಿಯಾಗಿತ್ತು. ಬಿಚ್ಚಿದಳು. ಒಂದೂ ಬಿಡದೆ ಎಲ್ಲ ಬೀಜವೂ ಮೊಳೆತಿತ್ತು, ಒಂದೂ ಬಿಡದೆ ಎಲ್ಲ ಮೊಳಕೆಯೂ ಬೆಂದು ಕಂದಿತ್ತು. ರಾಜೀವಿಗೆ ಅಳು ಉಕ್ಕಿಬಂತು. ಬೈಯೋಣವೆಂದರೆ ಯಾರನ್ನು?

"ಬದ್ನಿ ಬೀಜವಾ? ಬ್ರಹ್ಮಾವರದಂಗೆ ಪ್ಯಾಕೆಟ್ ಸಿಕ್ಕತ್ತಲ್ದಾ," ಎಂದು ಜಲಜ ಕೈ ಒರೆಸಿಕೊಂಡಳು.

ಪೂಜಿತಾ ಕಂಬಳಿ ಹೊದ್ದು ಬೆವರುತ್ತ ಮಲಗಿದ್ದಳು. "ಅಮ್ಮ, ಪಥ್ಯ ಮುಗ್ದ್ ಕೂಡ್ಲೆ ಅಜ್ಜಿ ಮನಿ ಬದ್ನಿಕಾಯ್ ಸುಟ್ಟ್ ಗೊಜ್ಜ್ ಮಾಡ್ಕೊಡ್ಕ್, ಆಯ್ತಾ?"

"ಅಕ್ಕ್ ಮಗಾ, ಮಾಡ್ಕೊಡ್ತೆ," ಎಂದಳು ರಾಜೀವಿ, ಕಂದಿದ ಮೊಳಕೆಯಿದ್ದ ಮುಷ್ಟಿಯನ್ನು ಸೆರಗಿನಡಿ ಮುಚ್ಚಿಕೊಂಡು.