ಸ್ಕಾಟ್ಲೆಂಡಿನವರಿಬ್ಬರು

ಪ್ರಾಚಿ ಹುಟ್ಟಿದ್ದು ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ. ಅವಳಪ್ಪ ವಿಠ್ಠಲ ಬಾಗಲಕೋಟೆ ಕಡೆಯವರು, ಡಾಕ್ಟರು. ಅಲ್ಲಿನ ಆಸ್ಪತ್ರೆಯಲ್ಲೇ ಮೂವತ್ತು ವರ್ಷ ದುಡಿದರು. ಮಗಳು ಅಲ್ಲಿಯ ಶಾಲೆಗೆ ಹೋಗಿ, ಅಲ್ಲಿಯ ಹುಡುಗರೊಂದಿಗೆ ಜಗಳಾಡಿ, ಅಲ್ಲಿಯ ಧಾಟಿಯಲ್ಲೇ ಇಂಗ್ಲಿಷ್ ಕಲಿತವಳು. ಹಳೆಯ ಕಲ್ಲಿನ ಕಟ್ಟಡಗಳನ್ನು ದುರಸ್ತಿ ಮಾಡುವುದು ಅವಳ ಕಸುಬು. ಬಾದಾಮಿಯ ಕೆಂಪು ಕಲ್ಲು ಹೇಗೆ ಸವೆಯುತ್ತದೆ ಎಂದು ನೋಡಲು ಬಂದವಳು ಮೂರು ತಿಂಗಳಿನಿಂದ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ಅಪ್ಪನ ತಂಗಿ ಕುಮುದಿನಿಯ ಮನೆಯಲ್ಲಿದ್ದಳು.

ಒಂದು ಶನಿವಾರ ಕುಮುದಿನಿ ಚಹಾ ಕೊಡುತ್ತ ಹೇಳಿದರು: "ಪ್ರಾಚಿ, ಇಲ್ಲಿಯ ಕಾಲೇಜಿನವರು ಫೋನ್ ಮಾಡಿದ್ರು. ನಿಮ್ಮ ಸ್ಕಾಟ್ಲೆಂಡದವರೊಬ್ಬರು ಬಂದಾರಂತ. ಕಲಾದಗ್ಯಾಗ ಅವರ ಹಿರಿಯರ ಗೋರಿ ಅದ ಅಂತ. ನೀ ಜೋಡಿ ಹೋಗಿ ತೋರಿಸ್ಕೊಂಡು ಬಾರವಾ."

"ಖರೇನ, ಅತ್ಯಾ?" ಪ್ರಾಚಿ ಅರ್ಧ ಚಹಾ ಬಿಟ್ಟೇ ಎದ್ದಳು. ಮೂರು ತಿಂಗಳಿನಿಂದ ಅವಳ ಊರಿನ ಮಾತು ಕಿವಿಗೆ ಬಿದ್ದಿರಲಿಲ್ಲ.

ಲಾಡ್ಜಿನ ಬಾಗಿಲಲ್ಲಿ ನಿಂತಿದ್ದ ಮುದುಕನ ಹೆಸರು ರಾಸ್. ಬಿಸಿಲು ಆಗಲೇ ಚುರುಗುಟ್ಟುತ್ತಿದ್ದರೂ ಸ್ಕಾಟ್ಲೆಂಡಿನ ಗಂಡಸರು ಹಬ್ಬಹುಣ್ಣಿಮೆಗೆ ಉಡುವ ಮೊಣಕಾಲುದ್ದದ ಲಂಗ, ಚೌಕಳಿಯ ದಪ್ಪ ಉಣ್ಣೆಯ ಕಿಲ್ಟ್ ಉಟ್ಟಿದ್ದ. ಆದರೆ ಬಾಯಿ ತೆರೆದ ಕೂಡಲೇ ಪ್ರಾಚಿಗೆ ತಿಳಿಯಿತು, ಅದು ಸ್ಕಾಟ್ಲೆಂಡಿನ ಧಾಟಿಯಲ್ಲ. ಹುಟ್ಟಿ ಬೆಳೆದದ್ದೆಲ್ಲ ಟೊರಾಂಟೊ. ಸ್ಕಾಟ್ಲೆಂಡಿಗೆ ಎರಡು ಸಲ ಪ್ರವಾಸಕ್ಕೆ ಹೋಗಿದ್ದನಂತೆ.

"ಹುಟ್ಟಿದ್ದು ಎಲ್ಲಾದರೂ ಇರಲಿ, ರಕ್ತ ಸ್ಕಾಟ್ಲೆಂಡಿನದು," ಎಂದ ಕಲಾದಗಿಗೆ ಹೊರಟ ಕಾರಿನಲ್ಲಿ. "ನೀನು ಇಂಗ್ಲಿಷನ್ನು ನಮ್ಮವರ ಹಾಗೇ ಆಡುತ್ತೀಯಲ್ಲ! ಎಲ್ಲಿ ಕಲಿತೆ?"

"ನಾನು ಡಂಡೀಯವಳು."

"ಓಹೋ. ಅದಲ್ಲ, ನಿಜವಾಗಿ ಎಲ್ಲಿಯವಳು?"

ಈ ಪ್ರಶ್ನೆಯನ್ನು ಪ್ರಾಚಿ ಐದನೇ ವಯಸ್ಸಿನಿಂದ ಕೇಳುತ್ತಿದ್ದಳು. ಬಸ್‌ಸ್ಟಾಪಿನಲ್ಲಿ, ಮದುವೆಗಳಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದಾಗಲೂ. ಕೇಳಿದವರು ಆ ಊರಿನಲ್ಲಿ ಹುಟ್ಟಿದವರಾದರೂ ಆಗಿದ್ದರು. ಟೊರಾಂಟೊದವನು ಬಂದು, ಕಲಾದಗಿಯ ರಸ್ತೆಯಲ್ಲಿ ಕೇಳುವುದೆಂದರೆ!

"ನಿಜವಾಗಿಯೂ ಡಂಡೀ," ಎಂದಳು. "ನನ್ನ ಪಾಸ್‌ಪೋರ್ಟ್ ಅಲ್ಲಿಯದು. ವೋಟು ಹಾಕುವುದು ಅಲ್ಲಿ."

"ಅದು ಕಾಗದ. ನಾನು ಕೇಳಿದ್ದು ಬೇರು," ಎಂದು ರಾಸ್ ಮೃದುವಾಗಿ ನಕ್ಕ. ತನ್ನ ಮುತ್ತಜ್ಜನ ಅಪ್ಪ ಇಲ್ಲಿಯ ಬ್ರಿಟಿಷ್ ಪಲ್ಟನ್ನಿನಲ್ಲಿ ಎಂಜಿನಿಯರನಾಗಿದ್ದನೆಂದೂ ಅವನ ಹುಟ್ಟೂರು ಕರ್ಕ್‌ಕಡ್‌ಬ್ರೈಟ್ ಎಂದೂ ಹೇಳಿದ.

"ಕರ್ಕೂಬ್ರಿ," ಎಂದಳು ಪ್ರಾಚಿ.

"ಏನು?"

"ಬರೆಯುವುದು ಹಾಗೆ. ಅನ್ನುವುದು ಕರ್ಕೂಬ್ರಿ. ಸ್ಕಾಟ್ಲೆಂಡಿನವರಿಗೆಲ್ಲ ಗೊತ್ತು."

ರಾಸ್‌ನ ಮುಖ ಕೆಂಪಗಾಯಿತು. ಕಿಟಕಿಯ ಗಾಜು ಇಳಿಸಿ ಹೊರಗೆ ನೋಡತೊಡಗಿದ. ಗೆದ್ದೆನೆಂದು ಪ್ರಾಚಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಹಳೆಯ ಗೋರಿಗಳ ನಡುವೆ ಮುಳ್ಳುಕಂಟಿ ಬೆಳೆದಿತ್ತು. ಪಕ್ಕದ ದಾಳಿಂಬೆ ತೋಟದ ಅಂದಾನಪ್ಪ ಎಂಬ ಹಿರಿಯರು ಕುಡಗೋಲು ಹಿಡಿದು ಬಂದು ದಾರಿ ಮಾಡಿಕೊಟ್ಟರು. ಕಿಲ್ಟನ್ನು ಮೇಲಿಂದ ಕೆಳಗೆ ನೋಡಿ, "ಹುಡುಗ್ಯಾರ ಪರಕಾರ ಉಟ್ಕೊಂಡು ಬಂದಾರಲ್ಲವಾ, ಯಾವೂರವರು ಇವರು?" ಎಂದರು.

"ಕೆನಡಾದವರ್ರಿ," ಎಂದಳು ಪ್ರಾಚಿ.

ಆ ಒಂದು ಪದ ರಾಸ್‌ಗೆ ತಿಳಿದುಬಿಟ್ಟಿತು. "ಅಲ್ಲ, ಸ್ಕಾಟ್ಲೆಂಡ್ ಅಂತ ಹೇಳು," ಎಂದ.

ಪ್ರಾಚಿ ಹೇಳಲಿಲ್ಲ. ಅಂದಾನಪ್ಪ ಅವಳತ್ತ ತಿರುಗಿದರು. "ನೀ ಯಾರ ಮಗಳವಾ?"

"ವಿಠ್ಠಲ ಡಾಕ್ಟರ ಮಗಳ್ರಿ. ನಮ್ಮ ಅಜ್ಜಾ ಇಲ್ಲೇ ಪೋಸ್ಟ್ ಮಾಸ್ತರ ಆಗಿದ್ರಂತ."

"ನಮ್ಮ ಪೋಸ್ಟ್ ಮಾಸ್ತರ ಮೊಮ್ಮಗಳೇನ!" ಅಂದಾನಪ್ಪ ಕುಡಗೋಲು ಕೆಳಗಿಟ್ಟು ಅವಳ ತಲೆಯ ಮೇಲೆ ಕೈಯಿಟ್ಟರು. "ಹಂಗಾದ್ರ ನೀ ನಮ್ಮೂರಾಕಿನ ಆದಿ. ಮನಿಗೆ ಬಂದು ರೊಟ್ಟಿ ತಿಂದೇ ಹೋಗಬೇಕು."

"ಏನಂದರು?" ಎಂದ ರಾಸ್.

ಪ್ರಾಚಿ ತಡವರಿಸಿದಳು. "ನಾನು ಈ ಊರಿನವಳಂತೆ."

"ಈ ಊರಿಗೆ ಎಷ್ಟು ಸಲ ಬಂದಿದ್ದೀಯ?"

"ಇದೇ ಮೊದಲು."

ರಾಸ್ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು; ಬಯ್ಯಬಹುದಿತ್ತು. ಅಂದಾನಪ್ಪನವರ ಅಂಗೈಯ ಬಿಸಿ ನೆತ್ತಿಯಲ್ಲಿ ಇನ್ನೂ ಇತ್ತು. ತಾನು ಈ ಊರಿನವಳಲ್ಲ ಎನ್ನಲು ಅವಳಿಗೆ ಮನಸ್ಸಿರಲಿಲ್ಲ, ಅದೇ ಅವಳನ್ನು ಇನ್ನಷ್ಟು ರೇಗಿಸಿತು.

ಗೋರಿಯ ಅಕ್ಷರ ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಪ್ರಾಚಿ ಚೀಲದಿಂದ ಸಣ್ಣ ಕನ್ನಡಿ ತೆಗೆದು ಬಿಸಿಲನ್ನು ಅಡ್ಡಲಾಗಿ ಹಾಯಿಸಿದಾಗ ಹೆಸರು ಮೂಡಿತು, ಅದರ ಕೆಳಗೆ ಊರು. ರಾಸ್ ಮುಳ್ಳಿನ ಮೇಲೆಯೇ ಮೊಣಕಾಲೂರಿದ. ಊರಿನ ಹೆಸರಿನ ಮೇಲೆ ಬೆರಳಾಡಿಸಿ, "ಇನ್ನೊಮ್ಮೆ ಹೇಳಿಕೊಡು," ಎಂದ.

"ಕರ್ಕೂಬ್ರಿ."

ಅವನು ಮೂರು ಸಲ ಅಂದ. ಮೂರನೆಯದು ಸರಿಯಾಗಿತ್ತು. ಪ್ರಾಚಿ ಹಾಗೆಂದು ಹೇಳಿದಳು.

ಅಂದಾನಪ್ಪನವರ ಮನೆಯಲ್ಲಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಉಂಡು ಸಂಜೆ ಹೊರಟರು. ಲಾಡ್ಜಿನೆದುರು ಇಳಿಯುವಾಗ ರಾಸ್ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಹೋಗಲಿ ಬಿಡು, ಒಳ್ಳೆಯ ಮುದುಕ ಎಂದುಕೊಂಡಳು.

ಮನೆಗೆ ಬರುವಷ್ಟರಲ್ಲಿ ಮೊಬೈಲಿಗೆ ಫೋಟೊ ಬಂದಿತ್ತು, ಗೋರಿಯ ಪಕ್ಕ ಇಬ್ಬರೂ ನಿಂತಿದ್ದಾಗ ಅಂದಾನಪ್ಪ ತೆಗೆದದ್ದು. ರಾಸ್ ತನ್ನ ಕುಲದವರ ಸಂಘಕ್ಕೆ ಕಳಿಸಿದ್ದನ್ನೇ ಅವಳಿಗೂ ಕಳಿಸಿದ್ದ. ಕೆಳಗೆ ಬರೆದಿದ್ದ: 'ಸ್ಕಾಟ್ಲೆಂಡಿನ ರಾಸ್, ಭಾರತದ ಗೈಡ್ ಪ್ರಾಚಿಯೊಂದಿಗೆ.'

"ಏನಾತವಾ, ಮಾರಿ ಯಾಕ ಹಿಂಗ ಮಾಡೀದಿ?" ಎಂದರು ಕುಮುದಿನಿ.

ಪ್ರಾಚಿ ಓದಿ ಹೇಳಿದಳು.

"ಅಯ್ಯ, ಅದರಾಗೇನದ? ಅವರಿಗೆ ಅವರ ಹಿರಿಯರ ಅಭಿಮಾನ. ನೀನೂ ನಮ್ಮಾಕಿನ ಅಲ್ಲೇನು?"

"ನಾ ನಿಮ್ಮಾಕಿನೂ ಹೌದು ಅತ್ಯಾ. ಆದ್ರ ಅಲ್ಲಿಯಾಕಿ ಅಲ್ಲ ಅನ್ನಲಿಕ್ಕೆ ಅಂವ ಯಾರು?"

ಅವಳು ನಿಂತಲ್ಲೇ ಉತ್ತರ ಬರೆದಳು: 'ದಯವಿಟ್ಟು ತಿದ್ದಿ. ಡಂಡೀಯ ಪ್ರಾಚಿ.'

ಹತ್ತು ನಿಮಿಷಕ್ಕೆ ಜವಾಬು ಬಂತು: 'ಕ್ಷಮಿಸು. ಭಾರತೀಯ ಮೂಲದ ಸ್ಕಾಟ್ ಎಂದು ಹಾಕಲೇ?'

'ಹಾಕಿ. ನಿಮ್ಮ ಹೆಸರಿನ ಮುಂದೆಯೂ ಸ್ಕಾಟಿಷ್ ಮೂಲದ ಕೆನಡಿಯನ್ ಎಂದು ಹಾಕಿ.'

ಅವನು ಓದಿದನೆಂದು ಎರಡು ನೀಲಿ ಗೆರೆ ಬಿದ್ದವು. ಅವನು ಟೈಪ್ ಮಾಡುತ್ತಿರುವುದು ಕಂಡಿತು, ನಿಂತಿತು, ಮತ್ತೆ ಕಂಡಿತು. ಕುಮುದಿನಿ ತಾಟು ಹಾಕಿ ಎರಡು ಸಲ ಕರೆದರೂ ಪ್ರಾಚಿ ಮೊಬೈಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು.