ಒಂದೇ ಹರಿವಾಣದವರು

ನಮ್ಮ ಜಾಂಜಿಬಾರಿನಲ್ಲಿ ಬ್ರಿಟಿಷರ ಕಾಲಕ್ಕೆ ರೇಡಿಯೊ ಇಡಲು ಲೈಸೆನ್ಸ್ ಬೇಕಿತ್ತು. ನನ್ನ ಗಂಡ ಮಕಾಮೆ ದೋಣಿ ಮಾಡುವ ಬಡಗಿ. ಅವನ ಹತ್ತಿರ ಲೈಸೆನ್ಸೂ ಇತ್ತು, ಅದರ ಜಂಬವೂ ಇತ್ತು. ಸಂಜೆಯಾದರೆ ಕೇರಿಯ ಗಂಡಸರೆಲ್ಲ ನಮ್ಮ ಜಗಲಿಯಲ್ಲೇ. ಕೈರೋದಿಂದ ಯಾರೋ ನಮ್ಮದೇ ಸ್ವಾಹಿಲಿಯಲ್ಲಿ ಬ್ರಿಟಿಷರನ್ನು ಬೈಯುತ್ತಿದ್ದ, ಇವರು ಕಾಫಿ ಹೀರುತ್ತಾ ತಲೆದೂಗುತ್ತಿದ್ದರು. ಕಾಸಿ ಕಾಸಿ ನನಗೆ ಸಾಕಾಗಿತ್ತು.

ಒಂದು ಸಂಜೆ ಅವರೆಲ್ಲ ನಮ್ಮ ದೊಡ್ಡ ಹರಿವಾಣದ ಸುತ್ತ ಊಟಕ್ಕೆ ಕೂತಿದ್ದಾಗ ಇನ್ಸ್‌ಪೆಕ್ಟರ್ ಬಂದ.

"ಲೈಸೆನ್ಸ್ ಕೊಟ್ಟಿರೋದು ಮನೆಯವ್ರು ಕೇಳೋಕೆ. ಊರಿಗೆಲ್ಲಾ ಕೇಳಿಸಿದ್ರೆ ಪೆಟ್ಟಿಗೆ ಎತ್ಕೊಂಡು ಹೋಗ್ತೀನಿ."

"ಇವ್ರೂ ಮನೆಯವ್ರೇ ಸಾಹೇಬ್ರೇ," ಅಂದ ಮಕಾಮೆ. "ನಮ್ಮಲ್ಲಿ ಒಂದೇ ಹರಿವಾಣದಲ್ಲಿ ಉಂಡೋರು ಮನೆಯವ್ರು."

ಇನ್ಸ್‌ಪೆಕ್ಟರ್ ನಕ್ಕ. "ಹಂಗಾ? ಹೆಸರು ಹೇಳು, ಬರ್ಕೋತೀನಿ."

ನಾನು ಬಾಗಿಲ ಹಿಂದಿನಿಂದ ಕೆಮ್ಮಿದೆ. ಈ ಮನುಷ್ಯನಿಗೆ ಅದೆಲ್ಲಿ ಕೇಳಬೇಕು. ನೆಂಟರ ಪರಿಚಯ ಮಾಡಿಕೊಡುವವನಂತೆ ಒಬ್ಬೊಬ್ಬರ ಹೆಗಲು ಮುಟ್ಟಿ, ತಂದೆಯ ಹೆಸರನ್ನೂ ಸೇರಿಸಿ ಹೇಳಿದ. ಕೈಯಲ್ಲಿದ್ದ ತುತ್ತು ಯಾರ ಬಾಯಿಗೂ ಹೋಗಲಿಲ್ಲ.

ಮರುದಿನ ಜಗಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಅದರ ಮಾರನೆ ಬೆಳಿಗ್ಗೆ, ಆ ಹರಿವಾಣದಲ್ಲೇ ಉಂಡಿದ್ದ ಎದುರು ಮನೆಯ ವುವಾಯ್ ಮೀನಿನ ಪೇಟೆಯಲ್ಲಿ ಎಲ್ಲರ ಮುಂದೆ ಇವನಿಗೆ ಅಂದನಂತೆ: "ಅಣ್ಣ ಅಂತಿದ್ನಲ್ಲೋ ನಿನ್ನ. ಅಪ್ಪನ ಹೆಸರಿನ ಸಮೇತ ಪೊಲೀಸ್ರಿಗೆ ಹಿಡ್ಕೊಟ್ಯಲ್ಲ."

ಮಕಾಮೆ ಅಲ್ಲಿಂದಲೇ ಠಾಣೆಗೆ ಓಡಿ, ಹೆಸರು ಹೊಡೆದುಹಾಕಿ ಎಂದು ಅಂಗಲಾಚಿದ.

"ಹಾಕ್ತೀನಿ, ಅದಕ್ಕೇನು," ಅಂದ ಇನ್ಸ್‌ಪೆಕ್ಟರ್. "ಆದ್ರೆ ಅವ್ರು ಮನೆಯವ್ರಲ್ಲ ಅಂತಾಯ್ತು. ಕದ್ದು ಕೇಳಿದ್ದಕ್ಕೆ ಅಷ್ಟೂ ಜನರನ್ನ ಒಳಗೆ ಹಾಕ್ಬೇಕಾಗುತ್ತೆ. ಹೇಳು, ಹೊಡೆದುಹಾಕ್ಲಾ?"

ಮಕಾಮೆ ಬೇಡವೆಂದು ಬಂದ. ಯಾಕೆ ಬೇಡವೆಂದ ಎಂದು ಕೇರಿಗೆ ಹೇಳಲು ಹೋದರೆ ಎಲ್ಲರೂ ಬಾಗಿಲು ಹಾಕಿಕೊಂಡರು.

ಆ ಸಂಜೆ ನಾನು ಎಂದಿನಷ್ಟೇ ಅನ್ನ ಮಾಡಿದೆ, ಕೈಗೆ ಅದೇ ಅಳತೆ ರೂಢಿಯಾಗಿತ್ತು. ಅವನು ಕಿಟಕಿಗಳನ್ನೆಲ್ಲ ತೆರೆದು ರೇಡಿಯೊ ಹಾಕಿದ. ವುವಾಯ್ ತನ್ನ ಕಿಟಕಿ ಮುಚ್ಚಿಕೊಂಡ. ನಾನು ಒಳಗಿನಿಂದ ಎದ್ದುಬಂದೆ.

"ನಿಲ್ಸ್ರೀ ಅದನ್ನ."

"ನಿಲ್ಸಿದ್ರೆ, ಹಿಡ್ಕೊಡೋ ಕೆಲ್ಸ ಆಯ್ತು ನೋಡು, ಅದಕ್ಕೇ ನಿಲ್ಸಿದ ಅಂತಾರೆ ಕಣೇ."

"ನಿಲ್ಸದಿದ್ರೆ?"

"ಪೊಲೀಸ್ರು ಬೆನ್ನಿಗಿದಾರೆ, ಅದಕ್ಕೇ ಹಾಕಿದಾನೆ ಅಂತಾರೆ."

ರೇಡಿಯೊ ಖಾಲಿ ಜಗಲಿಗೆ ಬ್ರಿಟಿಷರನ್ನು ಬೈಯುತ್ತಲೇ ಇತ್ತು. ಮಕಾಮೆ ಆ ದೊಡ್ಡ ಹರಿವಾಣದ ಮುಂದೆ ಒಬ್ಬನೇ ಕೂತು, ತನ್ನ ಕಡೆಯ ಅನ್ನವನ್ನಷ್ಟೇ ಉಂಡು, ಉಳಿದವರ ಪಾಲು ಮುಟ್ಟದೆ ಕೈತೊಳೆದ.