ಒಡಪಿಲ್ಲದ ಹೆಸರು

ನೆಲೆಯಿಲ್ಲದವರಿಗೆ ಆಸ್ಪತ್ರೆ, ಪಿಂಚಣಿ, ಆಶ್ರಯ ಕೇಂದ್ರ ಎಂದು ದಾರಿ ತೋರಿಸುವುದು ಅಣ್ಣಿಗೇರಿಯ ಮಹಾನಂದಾಳ ಕೆಲಸ. ಬಾಯಿ ಜೋರು, ಕರುಳು ಮೆತ್ತಗೆ. ರೈಲ್ವೆ ಸ್ಟೇಶನ್ನಿನ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಠಿಕಾಣಿ ಹೂಡಿದ್ದಾಳೆಂದು ತಿಳಿದು ರೊಟ್ಟಿ ಕಟ್ಟಿಕೊಂಡು ಹೋದಳು.

ಮುದುಕಿ ತನ್ನ ಹೆಸರು ದುಂಡವ್ವ ಎಂದಳು. ಊರು ಕೇಳಿದರೆ ರೈಲು ಹಳಿಯತ್ತ ನೋಡಿದಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ.

"ನಮ್ಮವ್ರು ಬರ್ತಾರ. ಕರಕೊಂಡ ಹೋಗ್ತಾರ."

"ಅವ್ರ ಹೆಸರೇನು ಯವ್ವಾ?"

ದುಂಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡನ ಹೆಸರನ್ನು ಹೆಂಡತಿ ಹಾಗೆಲ್ಲ ಹೇಳುವುದುಂಟೇ? ಹೆಂಗಸರೆಲ್ಲ ಸೇರಿ ಕಾಡಿದ ಮೇಲೆ ಪ್ರಾಸ ಕಟ್ಟಿ, ಒಡಪಿನಲ್ಲಿ ಸುತ್ತಿ ಹೇಳಬೇಕು. ಹೆಸರು ಸಿಕ್ಕರೆ ಮನೆ ಸಿಕ್ಕೀತು, ಇಲ್ಲದಿದ್ದರೆ ಹುಬ್ಬಳ್ಳಿಯ ಆಶ್ರಯ ಕೇಂದ್ರವೇ ಗತಿ. ಮಹಾನಂದಾ ತಾನೇ ಮೊದಲು ಶುರು ಮಾಡಿದಳು.

"ಖಡಕ್ ರೊಟ್ಟಿಗಿ ಹಚ್ಚೇನಿ ಕೆಂಪು ಖಾರ, ಈರಪ್ಪ ಅಂದ್ರ ನನ್ನ ಕೊರಳಿನ ಹಾರ."

ಈರಪ್ಪ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ದುಂಡವ್ವನ ಮುಖ ಮಾತ್ರ ಅರಳಿತು. ಸೆರಗಿನ ಮರೆಯಿಂದಲೇ ಹೇಳಿದಳು.

"ಶಲವಡಿ ಎರಿ ಹೊಲದಾಗ ಕಡ್ಲಿ ಹಸರ, ಹೇಳ್ತೇನಿ ಕೇಳ್ರಿ ಹುಲಿಗೆಪ್ಪನ ಹೆಸರ."

ಊರೂ ಸಿಕ್ಕಿತು, ಹೆಸರೂ ಸಿಕ್ಕಿತು. ತನ್ನ ಜಾಣತನಕ್ಕೆ ತಾನೇ ಹಿಗ್ಗುತ್ತ ಮಹಾನಂದಾ ಮರುದಿನ ಶಲವಡಿ ಬಸ್ಸು ಹತ್ತಿದಳು.

ಹುಲಿಗೆಪ್ಪನ ತಮ್ಮ ನೀರು ಕೊಟ್ಟು ಕೂಡಿಸಿದ.

"ಅಣ್ಣ ತೀರಿಕೊಂಡು ವರ್ಷ ಆತ್ರಿ. ಅಣ್ಣಿಗೇರಿಯಿಂದ ರೈಲಿನ್ಯಾಗ ಹುಬ್ಬಳ್ಳಿ ದವಾಖಾನಿಗೆ ಹೋದಾಂವ, ಹೆಣ ಆಗಿ ಬಂದ. ನಮ್ಮ ವೈನಿ ನಂಬಲೇ ಇಲ್ಲ. ಬಳಿ ತಗಿಯಾಕ ಕೊಡಲಿಲ್ಲ. ಒಂದಿನಾ ಹೇಳದ ಕೇಳದ ಹ್ವಾದ್ಲು. ಅವರಿದ್ದ ಬಾಡಿಗಿ ಮನ್ಯಾಗ ಈಗ ಬ್ಯಾರೇದವರು ಅದಾರ. ನಮ್ಮದರ ಏನೈತ್ರಿ, ಇದೊಂದ ಖೋಲಿ." ಅವನು ತಲೆ ಎತ್ತಲಿಲ್ಲ.

ಗಂಡ ಸತ್ತವಳಿಗೆ ಯಾರೂ ಒಡಪು ಹೇಳೆನ್ನುವುದಿಲ್ಲ. ಬಳೆ ನೋಡಿ ಮೋಸಹೋಗಿ ತಾನು ಹೇಳಿಸಿದ್ದಳು, ಮೇಲೆ ಹಿಗ್ಗಿಯೂ ಇದ್ದಳು. ಬಸ್ಸಿನಲ್ಲಿ ಮಹಾನಂದಾಳಿಗೆ ಅಳು ತಡೆಯಲಾಗಲಿಲ್ಲ.

"ಶಲವಡಿಗೆ ಹೋಗಿದ್ದೆ ಯವ್ವಾ," ಎಂದಳು ಸ್ಟೇಶನ್ನಿಗೆ ಬಂದು. ದುಂಡವ್ವ ಅವಳ ಮುಖವನ್ನೇ ನೋಡಿದಳು. ಬಹಳ ಹೊತ್ತು ರೈಲು ಬರುವ ದಿಕ್ಕಿಗೆ ಕಣ್ಣು ನೆಟ್ಟಳು. ಆಮೇಲೆ ಗಂಟು ಎತ್ತಿಕೊಂಡಳು.

"ಎಲ್ಲಿಗಿ ಅಂತಿ, ಅಲ್ಲಿಗಿ ಹೋಗೂಣು."

ಹುಬ್ಬಳ್ಳಿಯ ಆಶ್ರಯ ಕೇಂದ್ರದಲ್ಲಿ ಮೇಲ್ವಿಚಾರಕಿ ಹೆಸರು, ಊರು ಬರೆದುಕೊಂಡು, ಗಂಡನ ಹೆಸರು ಕೇಳಿದಳು. ಮುದುಕಿಗೆ ಸಂಕಟವಾಗಬಾರದೆಂದು ಮಹಾನಂದಾ ತಾನೇ ಹೇಳಹೋದಳು.

"ನೀ ಇರು. ನಾನ ಹೇಳ್ತೇನಿ," ಎಂದಳು ದುಂಡವ್ವ. ಸೆರಗು ಹೆಗಲ ಮೇಲೇ ಇತ್ತು, ಬಾಯಿಗೆ ಹೋಗಲಿಲ್ಲ.

"ಹುಲಿಗೆಪ್ಪ."

ಅಷ್ಟೇ. ಕಡ್ಲಿ ಇಲ್ಲ, ಹೊಲ ಇಲ್ಲ. ಮೇಲ್ವಿಚಾರಕಿ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದಳು. ದುಂಡವ್ವ ಕೈ ಮುಂದೆ ಚಾಚಿ ಬಳೆಗಳನ್ನು ಒಂದೊಂದಾಗಿ ಕಳಚತೊಡಗಿದಳು.